ಮಾತಿನ ಪದವಿ ಕನ್ನಡ ಕಲಿತ ಕತೆ

1966ರ ಜುಲೈ ತಿಂಗಳಲ್ಲಿ ರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್ ಮೈಸೂರಿಗೆ ಬಂದರು. ಅವರಿಗೆ ಊರು ಹೊಸದೇನಲ್ಲ. ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರ ಪಾಠ ಮಾಡಿ ಹೋಗಿ ಅವರಿಗೆ ನಲವತ್ತೈದು ವರ್ಷವಾಗಿತ್ತು. ಈ ಸಲ ಬಂದದ್ದು ಮಾನಸಗಂಗೋತ್ರಿಯಲ್ಲಿ ಒಂದು ಸಂಸ್ಥೆಯ ಅಡಿಗಲ್ಲು ಇಡಲು. ಜಾಗ ಕೊಟ್ಟವರು ಜಯಚಾಮರಾಜ ಒಡೆಯರ್. ಅದರ ಹಿಂದಿನ ವರ್ಷವೇ ಊರೊಳಗಿನ ಒಂದು ಕಟ್ಟಡದಲ್ಲಿ ಶುರುವಾಗಿದ್ದ ಆ ಸಂಸ್ಥೆಯ ಮೊದಲ ಹೆಸರು ಅಖಿಲ ಭಾರತ ಲಾಗೊಪೀಡಿಕ್ಸ್ ಸಂಸ್ಥೆ. ಗ್ರೀಕ್ ಮೂಲದ ಆ ಹೆಸರು ಹೆಚ್ಚು ದಿನ ಉಳಿಯಲಿಲ್ಲ. ಈಗ ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು, ಕರೆದುಕೊಂಡು ಹೋಗಿ ಬಿಡುತ್ತಾರೆ.

ಅಲ್ಲಿ ಹೊಸ ಬಗೆಯ ಒಂದು ಪದವಿ ಶುರುವಾಯಿತು. ಉಗ್ಗುವವರಿಗೆ, ಮಾತು ತಡವಾದ ಮಕ್ಕಳಿಗೆ, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ, ಕಿವಿ ಕೇಳದವರಿಗೆ ಚಿಕಿತ್ಸೆ ಕೊಡುವುದನ್ನು ಕಲಿಸುವ ಪದವಿ. ಎಂ.ಎಸ್ಸಿ., ಬಿ.ಎಸ್ಸಿ. ತರಗತಿಗಳು ಒಂದರ ಹಿಂದೊಂದು 1960ರ ದಶಕದಲ್ಲೇ ಆರಂಭವಾದವು. ಮುಂಬಯಿಯ ನಾಯರ್ ಆಸ್ಪತ್ರೆಯಲ್ಲೂ ಸುಮಾರು ಅದೇ ಹೊತ್ತಿಗೆ ಇಂಥ ಓದು ಶುರುವಾಯಿತು. ಪಾಠ ಇಂಗ್ಲಿಷಿನಲ್ಲಿ, ಪುಸ್ತಕಗಳು ಅಮೆರಿಕದವು. ಆದರೆ ಚಿಕಿತ್ಸೆಗೆ ಬರುತ್ತಿದ್ದವರು ನಂಜನಗೂಡು, ಮಂಡ್ಯ, ಹುಣಸೂರು, ಚಾಮರಾಜನಗರದ ಕಡೆಯವರು. ಮೂಳೆ ಮುರಿದರೆ ಅದನ್ನು ಕೂಡಿಸುವ ವಿದ್ಯೆಗೆ ಭಾಷೆಯ ಹಂಗಿಲ್ಲ, ಬಾಸ್ಟನ್ನಿನ ಮೂಳೆಯೂ ಬನ್ನೂರಿನ ಮೂಳೆಯೂ ಒಂದೇ. ಮಾತು ಹಾಗಲ್ಲ. ಅದು ಯಾವಾಗಲೂ ಯಾವುದೋ ಒಂದು ಭಾಷೆಯ ಮಾತು. ಈ ಪದವಿ ಕನ್ನಡದ ಎದುರು ಕೂತು ಏನೇನು ಹೊಸದಾಗಿ ಕಲಿಯಬೇಕಾಯಿತು ಎಂಬುದು ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳದ ಚರಿತ್ರೆ.

ಅದಕ್ಕೆ ಮೊದಲು ನಮ್ಮ ಕಡೆ ಮಾತಿನ ತೊಂದರೆಗೆ ಉಪಾಯಗಳೇ ಇರಲಿಲ್ಲ ಎಂದೇನಲ್ಲ. ಮಗುವಿನ ನಾಲಿಗೆಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ಇಂದಿಗೂ ಇದೆ. ಬಜೆಗೆ ಸಂಸ್ಕೃತದಲ್ಲಿ 'ವಚಾ' ಎಂಬ ಹೆಸರಿದೆ, ಅದರ ಅರ್ಥವೇ ಮಾತು. ದೇವರಿಗೆ ಹರಕೆ ಹೊರುತ್ತಿದ್ದರು. 'ಅವರಪ್ಪನೂ ಹಾಗೇ, ತಡವಾಗಿ ಮಾತಾಡಿದ್ದು' ಎಂದು ಅಜ್ಜಿಯರು ಸಮಾಧಾನ ಹೇಳುತ್ತಿದ್ದರು. ಇವು ಯಾವುವೂ ಕೆಲಸಕ್ಕೆ ಬಾರದಿದ್ದಾಗ ಒಂದು ಅಡ್ಡಹೆಸರು ಬಂದು ಅಂಟಿಕೊಳ್ಳುತ್ತಿತ್ತು: ಉಗ್ಗ, ಮೂಗ, ಕೆಪ್ಪ. ಊರಿನಲ್ಲಿ ಆ ಮನುಷ್ಯನ ನಿಜವಾದ ಹೆಸರು ಮರೆತೇ ಹೋಗುತ್ತಿತ್ತು.

ಯುರೋಪಿನಲ್ಲಿ ಈ ವಿದ್ಯೆ ಎರಡು ಬಾಗಿಲಿನಿಂದ ಒಳಗೆ ಬಂತು. ಒಂದು ಆಸ್ಪತ್ರೆಯ ಬಾಗಿಲು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂಬ ಒಂದೇ ಸದ್ದನ್ನು ಆಡಬಲ್ಲವನಾಗಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮೆದುಳನ್ನು ಪರೀಕ್ಷಿಸಿ, ಎಡಗಡೆಯ ಮುಂಭಾಗ ಹಾಳಾಗಿರುವುದನ್ನು ತೋರಿಸಿಕೊಟ್ಟ. ಮಾತಿಗೂ ಮೆದುಳಿನ ಒಂದು ಜಾಗಕ್ಕೂ ಇರುವ ನಂಟು ಹೀಗೆ ಖಚಿತವಾಯಿತು. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡೇಟು ಬಿದ್ದು ಬದುಕುಳಿದ ಸೈನಿಕರಿಗೆ ಮಾತು ಮರಳಿಸುವ ಕೆಲಸ ಜರ್ಮನಿ, ಆಸ್ಟ್ರಿಯಾಗಳ ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಬೆಳೆಯಿತು. ವಿಯೆನ್ನಾದ ವೈದ್ಯ ಎಮಿಲ್ ಫ್ರೋಶೆಲ್ಸ್ 1924ರಲ್ಲಿ ಈ ವಿದ್ಯೆಯವರ ಅಂತರರಾಷ್ಟ್ರೀಯ ಸಂಘ ಕಟ್ಟಿದ. ಮೈಸೂರಿನ ಸಂಸ್ಥೆಗೆ ಮೊದಲು ಇಟ್ಟ ಹೆಸರಿನಲ್ಲಿದ್ದ 'ಲಾಗೊಪೀಡಿಕ್ಸ್' ಆ ಪರಂಪರೆಯ ಮಾತು.

ಇನ್ನೊಂದು ನಾಟಕಶಾಲೆಯ ಬಾಗಿಲು. ಲಂಡನ್ನಿನಲ್ಲಿ 1906ರಲ್ಲಿ ಎಲ್ಸಿ ಫೋಗರ್ಟಿ ಎಂಬಾಕೆ ಮಾತು ಮತ್ತು ಅಭಿನಯ ಕಲಿಸುವ ಶಾಲೆ ತೆರೆದಳು. ಮುಂದೆ ಲಾರೆನ್ಸ್ ಒಲಿವಿಯರ್ ಅಂಥ ನಟರು ಕಲಿತ ಶಾಲೆ ಅದು. ರಂಗದ ಮೇಲೆ ಸ್ವರ ಹೊರಡಿಸುವುದನ್ನು ಕಲಿಸುತ್ತಿದ್ದ ಫೋಗರ್ಟಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಾತಿನ ತೊಂದರೆಯವರಿಗೂ ಪಾಠ ಹೇಳಿದಳು. ದೊರೆ ಆರನೆಯ ಜಾರ್ಜ್‌ನ ಉಗ್ಗಿಗೆ 1926ರಿಂದ ಚಿಕಿತ್ಸೆ ಕೊಟ್ಟ ಆಸ್ಟ್ರೇಲಿಯದ ಲಯನೆಲ್ ಲೋಗ್ ಕೂಡ ಮೂಲತಃ ಭಾಷಣಕಲೆಯ ಮೇಷ್ಟ್ರು. ಅವನಿಗೆ ವೈದ್ಯಕೀಯ ಪದವಿ ಇರಲಿಲ್ಲ. ಸಿನಿಮಾ ನೋಡಿದವರಿಗೆ ಅವನ ಕತೆ ಗೊತ್ತು.

ನಾಟಕಶಾಲೆಯಿಂದ ಬಂದ ವಿದ್ಯೆ ತನ್ನ ಜೊತೆಗೆ ಒಂದು ಗಂಟನ್ನೂ ಹೊತ್ತು ತಂದಿತು. ಭಾಷಣಕಲೆಯ ಪಾಠವೆಂದರೆ 'ಸರಿಯಾದ' ಇಂಗ್ಲಿಷಿನ ಪಾಠ. ಲಂಡನ್ನಿನ ಕೂಲಿಯವರು ಪದದ ಮೊದಲಿನ 'ಹ' ಬಿಟ್ಟು ಮಾತಾಡುತ್ತಾರೆ, ಅದನ್ನು ತಿದ್ದಬೇಕು ಎಂಬುದು ಆ ಪಾಠದ ಒಳಗೇ ಇತ್ತು. ಅಮೆರಿಕದಲ್ಲಿ ಅಯೋವಾ ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ಪ್ರಯೋಗಾಲಯದ ಶಿಸ್ತಿನಿಂದ ಬೆಳೆದವರು ಕೂಡ 1925ರಲ್ಲಿ ಸಂಘ ಕಟ್ಟಿದಾಗ ಅದರ ಹೆಸರಿನಲ್ಲಿ ಇಟ್ಟುಕೊಂಡದ್ದು ಮಾತು 'ತಿದ್ದುವ' ಪದವನ್ನೇ. ಮಾತು ತಿದ್ದುವವನಿಗೆ ಯಾವುದು ತಪ್ಪು ಎಂಬುದು ಮೊದಲೇ ಗೊತ್ತಿರಬೇಕು. ಅದನ್ನು ಅವನಿಗೆ ಹೇಳಿಕೊಟ್ಟವರು ಯಾರು? ಈ ಪ್ರಶ್ನೆ ಈ ಓದಿನ ಬೆನ್ನು ಬಿಟ್ಟೇ ಇಲ್ಲ.

ಇದಕ್ಕೆ ಭಾಷಾವಿಜ್ಞಾನದ ಕಡೆಯಿಂದ ಉತ್ತರ ಬರಲು ಕಾಲ ಬೇಕಾಯಿತು. ಬ್ರಿಟನ್ನಿನಲ್ಲಿ ವಾಕ್ ಚಿಕಿತ್ಸಕರ ಕಾಲೇಜು 1945ರಲ್ಲಿ ಸ್ಥಾಪನೆಯಾದರೂ ಬಹುಕಾಲ ಆ ವೃತ್ತಿಗೆ ಡಿಪ್ಲೊಮಾವೇ ಸಾಕಾಗಿತ್ತು. ಸರಕಾರ ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷ ವೈದ್ಯನಲ್ಲ, ಇಂಗ್ಲಿಷ್ ವ್ಯಾಕರಣದ ದೊಡ್ಡ ವಿದ್ವಾಂಸ ರಾಂಡೊಲ್ಫ್ ಕ್ವರ್ಕ್. 1972ರಲ್ಲಿ ಬಂದ ಆ ಸಮಿತಿಯ ವರದಿ, ಈ ವೃತ್ತಿಗೆ ಬರುವವರೆಲ್ಲ ವಿಶ್ವವಿದ್ಯಾನಿಲಯದ ಪದವಿ ಪಡೆದಿರಬೇಕು ಎಂದಿತು. ಭಾಷೆ ಎಂದರೇನು ಎಂಬುದನ್ನು ತಿಳಿಯುವುದು ಅಲ್ಲಿಂದ ಮುಂದೆ ಈ ಓದಿನ ನಡುಮನೆಗೆ ಬಂತು.

ಅದೇ 1972ರಲ್ಲಿ ಮೈಸೂರಿನಲ್ಲಿ ಇನ್ನೊಂದು ಕೆಲಸ ನಡೆಯಿತು. ವಾಕ್ ಶ್ರವಣ ಸಂಸ್ಥೆ 1970ರಿಂದ ತನ್ನದೇ ನಿಯತಕಾಲಿಕೆ ತರುತ್ತಿತ್ತು. ಅದರ ಮೂರನೆಯ ಸಂಪುಟದಲ್ಲಿ ಬಾಬು, ರತ್ನ, ಬೆಟಗೇರಿ ಎಂಬ ಮೂವರು ಸೇರಿ ಸಿದ್ಧಪಡಿಸಿದ ಕನ್ನಡ ಉಚ್ಚಾರಣಾ ಪರೀಕ್ಷೆ ಅಚ್ಚಾಯಿತು. ಹೊರಗಿನವರಿಗೆ ಅದು ಕೆಲವು ಪುಟಗಳ ಪದಪಟ್ಟಿ. ಆದರೆ ಅಲ್ಲಿಯವರೆಗೆ ಕನ್ನಡದ ಮಗು ಯಾವ ಧ್ವನಿಯನ್ನು ಆಡುತ್ತದೆ, ಯಾವುದನ್ನು ಆಡಲಾರದು ಎಂದು ಅಳೆಯಲು ಕನ್ನಡದ ಅಳತೆಗೋಲನ್ನು ಹುಡುಕಿಕೊಂಡು ಹೋಗಬೇಕಿತ್ತು.

ಆ ಮೂವರಲ್ಲಿ ಒಬ್ಬರಾದ ನ. ರತ್ನ ಮುಂದೆ ಸಂಸ್ಥೆಯ ನಿರ್ದೇಶಕರಾದರು. ಕನ್ನಡದ ಓದುಗರಿಗೆ ಅವರು ನಾಟಕಕಾರರಾಗಿ, ಮೈಸೂರಿನ ಹವ್ಯಾಸಿ ರಂಗಭೂಮಿಯ ಗಟ್ಟಿ ಆಳಾಗಿ ಪರಿಚಿತರು. ಲಂಡನ್ನಿನಲ್ಲಿ ಫೋಗರ್ಟಿಯ ಶಾಲೆಯಲ್ಲಿ ಕಂಡ ನಾಟಕ ಮತ್ತು ವಾಕ್ ಚಿಕಿತ್ಸೆಯ ನೆಂಟಸ್ತನ ಮೈಸೂರಿನಲ್ಲೂ ಹೀಗೆ ಒಬ್ಬ ಮನುಷ್ಯನೊಳಗೆ ಕೂಡಿಬಂತು. ವ್ಯತ್ಯಾಸವಿಷ್ಟೆ: ಹೊಸ ಕನ್ನಡ ನಾಟಕಕ್ಕೆ ಬೇಕಾಗಿದ್ದದ್ದು ಶುದ್ಧ ಉಚ್ಚಾರಣೆಗಿಂತ ಹೆಚ್ಚಾಗಿ ಜನ ಆಡುವ ಮಾತು.

ಉಚ್ಚಾರಣಾ ಪರೀಕ್ಷೆ ನಡೆಯುವ ಬಗೆ ಸರಳ. ಮಗುವಿಗೆ ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ. ಇಂಗ್ಲಿಷಿನ ಪರೀಕ್ಷೆಗಳಲ್ಲಿ ಒಂದೊಂದು ವ್ಯಂಜನವನ್ನೂ ಪದದ ಮೊದಲು, ನಡುವೆ, ಕೊನೆ ಹೀಗೆ ಮೂರು ಕಡೆ ಹುಡುಕುವುದು ರೂಢಿ. ಕನ್ನಡಕ್ಕೆ ಬಂದರೆ ಈ ಚೌಕಟ್ಟೇ ಅಲ್ಲಾಡುತ್ತದೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಬಸ್ ಬಂದರೆ ಬಸ್ಸು, ಕಾರ್ ಬಂದರೆ ಕಾರು. ಹಾಗಾಗಿ ಕೊನೆಯ ವ್ಯಂಜನ ಎಂಬ ಮನೆ ಹೆಚ್ಚುಕಡಿಮೆ ಖಾಲಿ. 'ಣ', 'ಳ' ಪದದ ಮೊದಲಲ್ಲಿ ಬರುವುದಿಲ್ಲ. ಇಂಗ್ಲಿಷ್ ಪರೀಕ್ಷೆ ಕೇಳದ ಸಂಗತಿಗಳು ಇಲ್ಲಿ ಮುಖ್ಯ: ಬಳೆಗೂ ಬಾಳೆಗೂ ಇರುವ ದೀರ್ಘದ ಅಂತರ, ಎಲೆಗೂ ಎಲ್ಲೆಗೂ ಇರುವ ಒತ್ತಿನ ಅಂತರ, 'ತ'ಗೂ 'ಟ'ಗೂ ನಾಲಿಗೆ ತಿರುಗುವ ಅಂತರ. ಇಂಗ್ಲಿಷ್ ಪುಸ್ತಕವನ್ನು ಅನುವಾದಿಸಿದರೆ ಇವು ದಕ್ಕುವುದಿಲ್ಲ. ಭಾಷೆಯನ್ನು ಬುಡದಿಂದ ನೋಡಬೇಕು.

ವಿಚಿತ್ರವೆಂದರೆ ಆ ನೋಟಕ್ಕೆ ಬೇಕಾದ ಸಾಮಗ್ರಿ ಒಂದನೆಯ ತರಗತಿಯ ಗೋಡೆಯ ಮೇಲೆಯೇ ತೂಗುತ್ತಿತ್ತು. ನಮ್ಮ ವರ್ಣಮಾಲೆ ಬಾಯಿಯ ಭೂಪಟ. ಕವರ್ಗ ಗಂಟಲ ಬಳಿ ಹುಟ್ಟುತ್ತದೆ, ಚವರ್ಗ ಅಂಗಳದಲ್ಲಿ, ಟವರ್ಗ ನಾಲಿಗೆ ಮೇಲೆ ಮಡಚಿದಾಗ, ತವರ್ಗ ಹಲ್ಲಿನಲ್ಲಿ, ಪವರ್ಗ ತುಟಿಯಲ್ಲಿ. ಪ್ರಾಚೀನ ಶಿಕ್ಷಾಗ್ರಂಥಗಳವರು ಮಾಡಿದ ಈ ವಿಂಗಡಣೆಯನ್ನು ನೋಡಿಯೇ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಧ್ವನಿವಿಜ್ಞಾನಿಗಳು ಬಹಳಷ್ಟನ್ನು ಕಲಿತರು. ಮೈಸೂರಿನ ವಿದ್ಯಾರ್ಥಿ ಅದನ್ನೇ ಇಂಗ್ಲಿಷ್ ಪಠ್ಯದಲ್ಲಿ ಮತ್ತೆ ಓದಿ, ತಾನು ಐದನೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ ಸಾಲಿನ ಅರ್ಥವನ್ನು ಆಗ ತಿಳಿಯುತ್ತಾನೆ.

ಕಿವಿಯ ಪರೀಕ್ಷೆಯಲ್ಲಿ ತೊಡಕು ಇನ್ನೂ ಎದ್ದು ಕಾಣುತ್ತದೆ. ಮಾತು ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ ಎಂದು ಅಳೆಯಲು ಪದಗಳನ್ನು ಕೇಳಿಸಿ ತಿರುಗಿ ಹೇಳಿಸುತ್ತಾರೆ. ಇದಕ್ಕೆ 1952ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಂದು ಪದಪಟ್ಟಿ ಸಿದ್ಧವಾಗಿ ಲೋಕಪ್ರಸಿದ್ಧವಾಯಿತು. ಅದರಲ್ಲಿ ಬರುವ ಪದಗಳು ಬೇಸ್‌ಬಾಲ್, ಕೌಬಾಯ್, ಹಾಟ್‌ಡಾಗ್, ಓಟ್‌ಮೀಲ್. ಗುಂಡ್ಲುಪೇಟೆಯ ರೈತನೊಬ್ಬ ಈ ಪದಗಳನ್ನು ತಿರುಗಿ ಹೇಳದಿದ್ದರೆ ಅದು ಅವನ ಕಿವಿಯ ದೋಷವೋ, ಕೌಬಾಯಿಯ ದೋಷವೋ? ಕೇಳುವವನಿಗೆ ಚೆನ್ನಾಗಿ ಗೊತ್ತಿರುವ ಪದವೇ ಆಗಿರಬೇಕು, ಇಲ್ಲದಿದ್ದರೆ ಅಳತೆಯಾಗುವುದು ಕಿವಿಯಲ್ಲ, ಪದಸಂಪತ್ತು. ಅಮೆರಿಕದ ಇನ್ನೊಂದು ಪಟ್ಟಿಯಲ್ಲಿ ಒಂದೇ ಉಸಿರಿನ ಪದಗಳಿದ್ದವು. ಕನ್ನಡದಲ್ಲಿ ಅಂಥವು ಬಾ, ಹೂ, ಕೈ, ಮೈ ಎಂದು ಬೆರಳೆಣಿಕೆಗೆ ಮುಗಿಯುತ್ತವೆ. ಎರಡು ಅಕ್ಷರದ ಪದಗಳನ್ನು ಆಯ್ದುಕೊಳ್ಳದೆ ಗತಿಯಿಲ್ಲ. ಕನ್ನಡದ ಮಾತಿನಲ್ಲಿ ಯಾವ ಧ್ವನಿ ಎಷ್ಟು ಸಲ ಬರುತ್ತದೋ ಪಟ್ಟಿಯಲ್ಲೂ ಅದೇ ಹದದಲ್ಲಿ ಬರುವಂತೆ ಮಾಡಿದ ಎರಡಕ್ಷರದ ಪದಪಟ್ಟಿಯೊಂದು 2005ರಲ್ಲಿ ಮೈಸೂರಿನ ಸಂಸ್ಥೆಯಿಂದಲೇ ಬಂತು. ಶ್ರವಣ ವಿಜ್ಞಾನದ ಪ್ರಬಂಧಗಳಲ್ಲಿ ಇವತ್ತು ಅದರ ಉಲ್ಲೇಖ ಪದೇ ಪದೇ ಕಾಣುತ್ತದೆ.

ಪಾರ್ಶ್ವವಾಯುವಿನ ನಂತರ ಮಾತು ಹೋದವರ ವಿಷಯಕ್ಕೆ ಬಂದರೆ ಪ್ರತಿಭಾ ಕಾರಂತರ ಕೆಲಸ ದೊಡ್ಡದು. 1980ರ ದಶಕದಲ್ಲಿ ಅವರು ರೂಪಿಸಿದ ಭಾಷಾ ಪರೀಕ್ಷೆ ಕನ್ನಡದ ಧ್ವನಿ, ವಾಕ್ಯ, ಅರ್ಥ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಬಹುವಚನ, ಕಾಲ, ವಿಭಕ್ತಿ, ಲಿಂಗ ವಚನಗಳ ಪ್ರತ್ಯಯ ಎಲ್ಲ ಅದರಲ್ಲಿವೆ. ಇದು ಯಾಕೆ ಬೇಕು? ಇಂಗ್ಲಿಷಿನಲ್ಲಿ 'ಬಂದ' ಎಂಬುದಕ್ಕೆ ಒಂದೇ ರೂಪ. ಕನ್ನಡದಲ್ಲಿ ಬಂದೆ, ಬಂದಳು, ಬಂದಿತು, ಬಂದರು. ಹೆಂಡತಿಯನ್ನು ನೋಡಿ 'ಬಂದ' ಎನ್ನುವ, ಮೇಷ್ಟ್ರನ್ನು ನೋಡಿ 'ಬಂದಳು' ಎನ್ನುವ ರೋಗಿಯ ತೊಂದರೆ ಇಂಗ್ಲಿಷ್ ಅಚ್ಚಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೇ ಇಲ್ಲ. ಆ ಮನುಷ್ಯನ ಸಂಸಾರಕ್ಕೆ ಮಾತ್ರ ಅದು ದಿನಾ ಚುಚ್ಚುವ ಮುಳ್ಳು.

ಓದಿನ ತೊಂದರೆಯಲ್ಲಿ ಇನ್ನೊಂದು ಪಾಠ ಕಾದಿತ್ತು. ಪದದ ಮೊದಲ ಧ್ವನಿ ತೆಗೆದು ಉಳಿದದ್ದು ಹೇಳು ಎಂದು ಕೇಳುವುದು ಇಂಗ್ಲಿಷ್ ಲೋಕದಲ್ಲಿ ಮಗು ಓದಲು ಸಿದ್ಧವೇ ಎಂದು ತಿಳಿಯುವ ಮಾರ್ಗ. ಕನ್ನಡ ಕಲಿತ ಮಗುವಿಗೆ 'ಕಮಲ'ದಿಂದ 'ಕ್' ತೆಗೆ ಎಂದರೆ ಅದು 'ಮಲ' ಎನ್ನುತ್ತದೆ. ಅದರ ಪಾಲಿಗೆ ಮಾತಿನ ತುಂಡು ಎಂದರೆ ಅಕ್ಷರ, ವ್ಯಂಜನವಲ್ಲ. ಚೆನ್ನಾಗಿ ಓದುವ ಕನ್ನಡ ಮಕ್ಕಳೂ ಈ ಪರೀಕ್ಷೆಯಲ್ಲಿ ಎಡವುತ್ತಾರೆ ಎಂಬುದನ್ನು ಪ್ರತಿಭಾ ಕಾರಂತ ಮತ್ತು ಅವರ ಜೊತೆಗಾರರು 1990ರ ದಶಕದಲ್ಲೇ ತೋರಿಸಿದರು. ಆಮೇಲೆ ಸೊನಾಲಿ ನಾಗ್ ಕನ್ನಡ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿ, ಅಷ್ಟೊಂದು ಕಾಗುಣಿತ ಒತ್ತಕ್ಷರಗಳನ್ನು ದಕ್ಕಿಸಿಕೊಳ್ಳಲು ವರ್ಷಗಳೇ ಬೇಕೆಂದು 2007ರ ಪ್ರಬಂಧದಲ್ಲಿ ವಿವರಿಸಿದರು. ಇಂಗ್ಲಿಷ್ ಅಳತೆಗೋಲು ಹಿಡಿದಿದ್ದರೆ ಎಷ್ಟೋ ಮಕ್ಕಳ ಹಣೆಗೆ ಸುಮ್ಮನೆ ಒಂದು ರೋಗದ ಹೆಸರು ಹಚ್ಚಿದಂತಾಗುತ್ತಿತ್ತು.

ಈ ಕೆಲಸದಲ್ಲಿ ಬಹುಪಾಲನ್ನು ಹೊತ್ತವರು ಹೆಸರಾಂತ ಪ್ರಾಧ್ಯಾಪಕರಷ್ಟೇ ಅಲ್ಲ, ಇಪ್ಪತ್ತೆರಡು ಇಪ್ಪತ್ತಮೂರರ ವಿದ್ಯಾರ್ಥಿಗಳು. ಎಂ.ಎಸ್ಸಿ. ಮುಗಿಸಲು ಒಂದು ಪ್ರಬಂಧ ಬರೆಯಬೇಕು. ಹಾಗೆ ಬರೆದ ಪ್ರಬಂಧಗಳು ದಶಕಗಳಿಂದ ಮೈಸೂರಿನ ಗ್ರಂಥಾಲಯದಲ್ಲಿ ಸೇರುತ್ತ ಬಂದಿವೆ. ಕನ್ನಡದ ಮಕ್ಕಳು ಯಾವ ವಯಸ್ಸಿಗೆ ಯಾವ ಧ್ವನಿ ಕಲಿಯುತ್ತಾರೆ, ಕನ್ನಡದಲ್ಲಿ ಉಗ್ಗುವವರು ಪದದ ಎಲ್ಲಿ ತಡೆಯುತ್ತಾರೆ, ನಿಮಿಷಕ್ಕೆ ಎಷ್ಟು ಪದ ಆಡುತ್ತಾರೆ: ಇಂಥವನ್ನು ಅಂಗನವಾಡಿ, ಶಾಲೆ, ಮನೆಗಳಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದು ಎಣಿಸಿದವರು ಅವರು. ಅವರೆಲ್ಲ ಕನ್ನಡದವರೂ ಅಲ್ಲ. ಅಖಿಲ ಭಾರತ ಸಂಸ್ಥೆಯಾದ್ದರಿಂದ ಕೇರಳ, ತಮಿಳುನಾಡು, ಉತ್ತರದ ರಾಜ್ಯಗಳಿಂದ ಬಂದವರು ಬೆಳಗ್ಗೆ ಇಂಗ್ಲಿಷಿನಲ್ಲಿ ಅಂಗರಚನೆ, ಧ್ವನಿವಿಜ್ಞಾನ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಕೇಳಿ, ಕ್ಲಿನಿಕ್ಕಿನಲ್ಲಿ ಕೂತಾಗ 'ಇದೇನು ಪುಟ್ಟ? ಹೇಳು, ಬೆಕ್ಕು' ಎನ್ನಬೇಕು. ಕನ್ನಡಕ್ಕೆ ಇದೊಂದು ಸದ್ದಿಲ್ಲದ ಸೇವೆ. ಕನ್ನಡದ ಬಗ್ಗೆ ಕೂಡಿಬಿದ್ದ ಈ ತಿಳಿವಳಿಕೆ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇದೆ ಎಂಬುದು ಅದರ ಕೊರತೆ.

ಪದವಿಗೆ ಕಾನೂನಿನ ಚೌಕಟ್ಟು ಬಂದದ್ದು ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯಿದೆಯ ಮೂಲಕ. ಬಿ.ಎಸ್ಸಿ. ಎಂದಿದ್ದದ್ದು ಮುಂದೆ ಬಿ.ಎ.ಎಸ್‌.ಎಲ್‌.ಪಿ. ಎಂಬ ನಾಲ್ಕು ವರ್ಷದ ಓದಾಯಿತು. ಅದರಲ್ಲಿ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಇಂದು ಬೆಂಗಳೂರು, ಮಂಗಳೂರು, ಮಣಿಪಾಲ, ಧಾರವಾಡಗಳಲ್ಲೂ ಇದನ್ನು ಓದಬಹುದು. ಪಿಯುಸಿ ವಿಜ್ಞಾನ ಮುಗಿಸಿ, ಎಂಬಿಬಿಎಸ್ ಸೀಟು ಸಿಗದೆ ಈ ಕಡೆ ತಿರುಗಿದವರು ಅನೇಕರು. 'ಅದೇನು ಓದು?' ಎಂದು ನೆಂಟರು ಕೇಳುವ ಪ್ರಶ್ನೆಗೆ ಅವರಿಗೆ ಸುಲಭದ ಉತ್ತರ ಸಿಗದು. 'ಮಾತು ಕಲಿಸೋದಕ್ಕೂ ಡಿಗ್ರಿ ಬೇಕಾ?' ಎಂಬುದು ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ.

ಬೇಕು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಹಳೆ ಮೈಸೂರಿನ ಹಳ್ಳಿಗಾಡಿನಲ್ಲಿ ಹಾಲು 'ಆಲು', ಹಳ್ಳಿ 'ಅಳ್ಳಿ', ಹೋಗು 'ಓಗು'. ಮಹಾಪ್ರಾಣಗಳು ಕನ್ನಡಿಗರ ಸಹಜ ಮಾತಿನಲ್ಲಿ ಇಲ್ಲವೇ ಇಲ್ಲ ಎಂದು ಡಿ.ಎನ್. ಶಂಕರ ಬಟ್ಟರು ವಾದಿಸಿ ಬರವಣಿಗೆಯಿಂದಲೂ ಅವನ್ನು ಬಿಟ್ಟುಕೊಟ್ಟದ್ದು ಎಲ್ಲರಿಗೂ ತಿಳಿದದ್ದೇ. ಈಗ ಐದು ವರ್ಷದ ಮಗುವೊಂದು 'ಆಲು' ಎನ್ನುತ್ತದೆ. ಶಾಲೆಯ ಮೇಡಂ ಇದಕ್ಕೆ 'ಹ' ಬರುವುದಿಲ್ಲ, ತೋರಿಸಿಕೊಂಡು ಬನ್ನಿ ಎಂದು ಕಳಿಸುತ್ತಾರೆ. ಬರಿ ಮಾತು ತಿದ್ದುವವರಾದರೆ ಕನ್ನಡಿ ಮುಂದೆ ಕೂರಿಸಿ, ಅಂಗೈ ಮೇಲೆ ಉಸಿರು ಬಿಡಿಸಿ, ತಿಂಗಳುಗಟ್ಟಲೆ 'ಹ' ಹೇಳಿಸಬಹುದು. ಮಗು ಕಲಿತರೂ ಕಲಿತೀತು. ಜೊತೆಗೆ ತನ್ನ ಅಪ್ಪ ಅಮ್ಮ ಆಡುವುದು ರೋಗದ ಮಾತು ಎಂಬುದನ್ನೂ ಕಲಿಯುತ್ತದೆ. ಪದವಿ ಓದಿದವರು ಮಗುವಿನ ಬಾಯಿ ನೋಡುವ ಮೊದಲು ಅಮ್ಮನ ಮಾತಿಗೆ ಕಿವಿ ಕೊಡುತ್ತಾರೆ. ಅವರೂ 'ಆಲು' ಎಂದರೆ ಅದು ಮನೆಯ ಕನ್ನಡ, ಚಿಕಿತ್ಸೆ ಬೇಡ. ಮನೆಯವರೆಲ್ಲ 'ಕಾಗೆ' ಎನ್ನುವಾಗ ಮಗು 'ತಾಗೆ' ಎಂದರೆ ಆಗ ಕೆಲಸ ಶುರು. ಅಮೆರಿಕದ ಸಂಘ ಕೂಡ, ಮಾತು ತಿದ್ದುತ್ತೇವೆಂದು ಹೊರಟ ಐವತ್ತೆಂಟು ವರ್ಷದ ಮೇಲೆ, 1983ರಲ್ಲಿ, ಯಾವ ಉಪಭಾಷೆಯೂ ದೋಷವಲ್ಲ ಎಂದು ವಿಧಿವತ್ತಾಗಿ ಸಾರಿತು. ಲಂಡನ್ನಿನ ಕೂಲಿಯವನ ಬಿಟ್ಟುಹೋದ 'ಹ'ಕ್ಕೂ ಮಂಡ್ಯದ ಮಗುವಿನ 'ಹ'ಕ್ಕೂ ನ್ಯಾಯ ಸಿಕ್ಕಿದ್ದು ಒಂದೇ ತಿಳಿವಳಿಕೆಯಿಂದ.

ಕೆಲಸ ಮುಗಿದಿಲ್ಲ. ಕನ್ನಡದ ಪರೀಕ್ಷೆಗಳು ಹೆಚ್ಚಿನವು ಮೈಸೂರು ಬೆಂಗಳೂರು ಸೀಮೆಯ ಕನ್ನಡದ ಮೇಲೆ ನಿಂತವು. ಕಲಬುರಗಿಯ, ವಿಜಯಪುರದ, ಕುಂದಾಪುರದ ಮಗುವಿಗೆ ಅವು ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂದು ಪ್ರತಿ ಸಲವೂ ಯೋಚಿಸಬೇಕು. ಕರ್ನಾಟಕದಲ್ಲಿ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ, ಕೊಡವ, ಬ್ಯಾರಿ, ದಖನಿ ಉರ್ದು, ಲಂಬಾಣಿ. ಆ ಮಗು ಶಾಲೆಯ ಕನ್ನಡದಲ್ಲಿ ತಡವರಿಸಿದರೆ ಅದಕ್ಕೆ ಮಾತಿನ ತೊಂದರೆಯೋ, ಎರಡನೆಯ ಭಾಷೆಯ ತೊಡಕೋ ಎಂದು ಹೇಳಲು ಅದರ ಮನೆಮಾತಿನಲ್ಲಿ ಅಳತೆಗೋಲು ಬೇಕು. 1972ರಲ್ಲಿ ಕನ್ನಡ ನಿಂತಿದ್ದ ಜಾಗದಲ್ಲೇ ಈ ಭಾಷೆಗಳಲ್ಲಿ ಹಲವು ಇವತ್ತಿಗೂ ನಿಂತಿವೆ. ತುಳು ಮನೆಯ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, 'ಅಜ್ಜಿ, ಇದಕ್ಕೆ ನಿಮ್ಮಲ್ಲಿ ಏನಂತೀರಿ?' ಎಂದು ಕೇಳಿ ಬರೆದುಕೊಳ್ಳುವ ವಿದ್ಯಾರ್ಥಿಯೇ ಮುಂದಿನ ಪಟ್ಟಿಯನ್ನು ಮಾಡಬೇಕಾದವಳು.